ಪ್ರತಿಯೂ ಮಾತೂ

ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಒಂದು ದನವು ಮೇದ ಹುಲ್ಲು ಮತ್ತೊಂದಕ್ಕೆ ದೊರೆಯದು. ಗಣಕಯಂತ್ರವನ್ನು ನಡೆಯಿಸುವ ತಂತ್ರಾಂಶವಾದರೋ ಎಷ್ಟು ಪ್ರತಿ ತೆಗೆದರೂ ಸವೆಯದು. ಹಾಗಿದ್ದಮೇಲೆ, ಒಂದು ಯಂತ್ರಕ್ಕೆಂದು ಪರವಾನಿಗೆ ಪಡೆದುದನ್ನು ಮನೆಯ ಮೂರು ಯಂತ್ರಗಳಿಗೂ ಹಾಕಿಕೊಂಡರೆ ಕಳ್ಳತನವೆಂತಾದೀತೆಂದು ಬಡ ಗೃಹಸ್ಥನು ಕೇಳುವನು. ಯಾರ ವಸ್ತುವೂ ಕಡಮೆಯಾಗಲಿಲ್ಲವೆಂಬುದು ದಿಟ. ಆದರೆ ಕೊಟ್ಟ ಮಾತಿಗೆ ತಪ್ಪಿದಂತಾಯಿತು. ಅವನು ಕೊಂಡುದು ವಸ್ತುವನ್ನಲ್ಲ, ಒಪ್ಪಂದದ ಮೇರೆಗೆ ಬಳಸುವ ಹಕ್ಕನ್ನು. ಒಪ್ಪಂದವು ಬಿಗಿಯಾದರೆ ಬೇರೆ ದಾರಿಯುಂಟು. 2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಕೆಲವು ದೇಶಗಳಲ್ಲಿ ಮನೆಯ ಮೂರು ಯಂತ್ರಗಳಿಗೆ ವಿಂಡೋಸ್ 7ರ ಒಂದೇ ಪರವಾನಿಗೆಯನ್ನು ಮಾರಿತು. 1989ರ ಗ್ನೂ ಸಾರ್ವಜನಿಕ ಪರವಾನಿಗೆಯಂತೂ ಪ್ರತಿಮಾಡಿ ಹಂಚುವುದನ್ನೇ ಹಕ್ಕಾಗಿ ಕೊಟ್ಟಿತು. ಲಿನಕ್ಸ್ 1992ರಿಂದ ಅದರಡಿಯಲ್ಲಿದೆ. ಧಾರಾಳವಾಗಿ ಕೊಟ್ಟುದನ್ನು ಬಿಟ್ಟು, ಕೊಡದುದನ್ನು ಗುಟ್ಟಾಗಿ ತೆಗೆದುಕೊಳ್ಳುವವನು ಬಡತನದ ನೆಪವನ್ನು ಹೇಳಲಾರನು.