ಕಣ್ಣಿಗೂ ಒಂದು ವ್ರತ



ಸಾಗರ, ಹೊಸನಗರ, ತೀರ್ಥಹಳ್ಳಿಗಳ ಶ್ರಾವಕರ ಮನೆಗಳಲ್ಲಿ ಅಷ್ಟಮಿ, ಚತುರ್ದಶಿಗಳಂದು ಉಪವಾಸವಿರುವವರು ಇಂದಿಗೂ ಉಂಟು. ಬೆಳಗಿನ ಜಿನದರ್ಶನ ಮುಗಿದ ಮೇಲೆ ಹಗಲು ದೀರ್ಘವೆನಿಸುತ್ತದೆ. ಹೊತ್ತು ಕಳೆಯಲು ಕೆಲವರು ಟಿ.ವಿ.ಯ ಮುಂದೆ ಕುಳಿತುಬಿಡುತ್ತಾರೆ. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಂದು ದೂರದರ್ಶನದಲ್ಲಿ ಆರಂಭವಾಯಿತು. 2020ರ ಮಾರ್ಚ್ 28ರಿಂದ ಮರುಪ್ರಸಾರವಾದಾಗ ಮೊಮ್ಮಕ್ಕಳೂ ನೋಡಿದರು. “ಮಹಾಪುರುಷರ ಕಥೆಯಲ್ಲವೇ? ಇದರಿಂದ ವ್ರತಕ್ಕೇನು ಬಾಧೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ.

ಉಪವಾಸದ ದಿನ ಆಹಾರದೊಡನೆ ಅಲಂಕಾರ, ಗಂಧ, ಪುಷ್ಪಗಳನ್ನೂ ತ್ಯಜಿಸಬೇಕು; ಧರ್ಮಾಮೃತವನ್ನು ಕಿವಿಗಳಿಂದ ಸವಿಯುತ್ತ ಜ್ಞಾನಧ್ಯಾನಗಳಲ್ಲಿ ನಿರತರಾಗಿರಬೇಕು ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ನಾಲಗೆಯೊಂದೇ ಅಲ್ಲ, ಪಂಚೇಂದ್ರಿಯಗಳೂ ಉಪವಾಸವಿರಬೇಕೆಂಬುದೇ ಇದರ ಭಾವ. ತೆರೆಯ ಮೇಲಿನ ಕಥೆ ಧರ್ಮಾಮೃತವೋ, ಕಣ್ಣಿನ ಊಟವೋ ಎಂಬುದನ್ನು ನೋಡುವವನ ಪರಿಣಾಮವೇ ನಿರ್ಣಯಿಸುತ್ತದೆ. ವೈರಿಯ ತಲೆ ಉರುಳಿದಾಗ ಹಿಗ್ಗುವ ಮನಸ್ಸು ಉಪವಾಸದಲ್ಲಿಲ್ಲ. ಬರಿದಾಗಿರುವುದು ಹೊಟ್ಟೆ ಮಾತ್ರ.

“ಅಜ್ಜೀ, ರಾವಣನಿಗೆ ನಿಜವಾಗಿಯೂ ಹತ್ತು ತಲೆ ಇತ್ತೇ?” ಎಂದು ಮಗು ಕೇಳಿದರೆ ಉತ್ತರ ನಮ್ಮಲ್ಲಿದೆಯೇ? ರವಿಷೇಣಾಚಾರ್ಯರ ಪದ್ಮಪುರಾಣದಂತೆ ಅವನು ಒಂದೇ ತಲೆಯ ವಿದ್ಯಾಧರ. ಹಾರದ ರತ್ನಗಳಲ್ಲಿ ಅವನ ಮುಖ ಪ್ರತಿಬಿಂಬಿಸಿದುದರಿಂದ ದಶಮುಖನೆನಿಸಿದನು. ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ, ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಅವನು ವ್ರತ ಹಿಡಿದಿದ್ದನು. ಸೀತೆಯನ್ನು ಲಂಕೆಗೆ ಒಯ್ದ ಮೇಲೂ ಆ ವ್ರತವನ್ನು ಮುರಿಯಲಿಲ್ಲ. ಸೀತೆಯ ಶೀಲಕ್ಕೆ ಅವಳ ದೃಢತೆಯೊಡನೆ ಆ ಒಂದು ವ್ರತವೂ ಕಾವಲಾಯಿತು.

ಆದರೂ ಅವನು ಕೆಟ್ಟನೇಕೆ? ಕೈಗೆ ವ್ರತವಿತ್ತು, ಕಣ್ಣಿಗೂ ಮನಸ್ಸಿಗೂ ಇರಲಿಲ್ಲ. ನೋಡಿದನು, ಮೋಹಿಸಿದನು, ಅಪಹರಿಸಿದನು. ಕಡೆಗೆ ಲಕ್ಷ್ಮಣನ ಕೈಯಲ್ಲಿ ಮಡಿದು ನರಕಗತಿಗೆ ಇಳಿದನು. ಶ್ರೀರಾಮನಾದರೋ ದೀಕ್ಷೆ ವಹಿಸಿ ಮೋಕ್ಷ ಪಡೆದನು. ಹಸಿದಿದ್ದೂ ತೆರೆಯಿಂದ ಕಣ್ಣು ಕೀಳಲಾರದವರು ಈ ಕಥೆಯನ್ನು ತಮಗಾಗಿಯೇ ಹೇಳಿದುದೆಂದು ತಿಳಿಯಲಿ.

ಆದುದರಿಂದ ಪರ್ವದಿನಗಳಲ್ಲಿ ಟಿ.ವಿ.ಯನ್ನು ಮುಚ್ಚಿಡುವ ನಿಯಮವಿರಲಿ. ಉಳಿದ ದಿನಗಳಲ್ಲಿ ಭೋಗೋಪಭೋಗ ಪರಿಮಾಣ ವ್ರತದಂತೆ ನೋಟಕ್ಕೂ ಮಿತಿಯಿರಲಿ. ನೋಡಿದ ಸಂಜೆ ಹಿರಿಯರು ನಾಗಚಂದ್ರನ ರಾಮಚಂದ್ರಚರಿತ ಪುರಾಣದ ಕಥೆಯನ್ನು ಮಕ್ಕಳಿಗೆ ಹೇಳಲಿ. ನೆರೆಯವರ ಕಥೆಯನ್ನು ಹಳಿಯದೆ ಹೇಳಲಿ. ಹುಂಚದ ಪಾರ್ಶ್ವನಾಥ ಸ್ವಾಮಿಯ ಸನ್ನಿಧಿಯೂ, ಕುಂದಕುಂದಾಚಾರ್ಯರ ಸ್ಮರಣೆಯ ಕುಂದಾದ್ರಿಯೂ ಈ ಸೀಮೆಯಲ್ಲೇ ಇವೆ. ಕಣ್ಣಿಗೆ ಆಹಾರ ಬೇಕೆನಿಸಿದ ದಿನ ಅಲ್ಲಿಗೆ ಹೋಗಿಬರಬಹುದು.

ಸರ್ವರಿಗೂ ಧರ್ಮವೃದ್ಧಿಯಾಗಲಿ.