ಓಟವೂ ಋಣವೂ

ಕೊಡಬೇಕೆಂಬ ಮನಸ್ಸುಳ್ಳವನು ಕುಳಿತಲ್ಲಿಂದಲೇ ಕೊಡಬಹುದಷ್ಟೆ. ರೋಗಿಗಳ ಹೆಸರಿನಲ್ಲಿ ಬೀದಿಯಲ್ಲಿ ಓಡುವುದೇತಕ್ಕೆ? ಹಿರಿಯರು ಹೀಗೆ ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಓಟಗಾರನ ಬೆವರಿನಿಂದ ಯಾವ ರೋಗಿಯ ನೋವೂ ಶಮನವಾಗದು. ಆದರೆ ಇಂಥ ಓಟಗಳಿಗೆ ಮೇಲ್ಪಂಕ್ತಿಯಾದ ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ತರುಣನ ವೃತ್ತಾಂತವನ್ನು ಅವಲೋಕಿಸಿದರೆ, ಆ ಪ್ರಶ್ನೆಯೇ ಬೇರೊಂದು ರೂಪವನ್ನು ತಾಳುತ್ತದೆ.

1977ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರಿನಿಂದಾಗಿ ಆತನು ಬಲಗಾಲನ್ನು ಕಳೆದುಕೊಂಡನು. ಬದುಕುವ ಸಂಭವ ಶೇಕಡಾ 50 ಎಂದು ತಿಳಿದುಬಂತು. ಎರಡು ವರ್ಷಗಳ ಹಿಂದಾಗಿದ್ದರೆ ಅದು ಶೇಕಡಾ 15 ಮಾತ್ರ ಇರುತ್ತಿತ್ತು. ಈ ಅಂತರವೇ ವಿಚಾರಣೀಯ. ನಡುವೆ ಯಾರೋ ಸಂಶೋಧನೆಗೆ ಹಣವಿತ್ತಿದ್ದರು. ಯಾರೋ ಪ್ರಯೋಗಶಾಲೆಯಲ್ಲಿ ದುಡಿದಿದ್ದರು. ಹಿಂದಿನ ರೋಗಿಗಳು ಆ ಔಷಧಗಳ ಕಷ್ಟವನ್ನು ಮೊದಲು ಉಂಡಿದ್ದರು. ಅವರೆಲ್ಲರ ಹೆಸರನ್ನು ಯಾವ ರೋಗಿ ತಾನೆ ಬಲ್ಲನು? ಹೆಸರರಿಯದವರ ಋಣವನ್ನು ಅವರಿಗೇ ಹಿಂದಿರುಗಿಸಲಾಗದು. ಮುಂದೆ ಅದೇ ರೋಗಕ್ಕೆ ತುತ್ತಾಗಲಿರುವ, ತಾನು ಎಂದೂ ಕಾಣದ ಜೀವಗಳಿಗೆ ಸಲ್ಲಿಸಬೇಕು. ಆದುದರಿಂದ ಆತನ ಓಟವು ಔಷಧದಾನವೆನ್ನುವುದಕ್ಕಿಂತ ಋಣಸಂದಾಯವೆಂದೇ ನನ್ನ ಭಾವನೆ.

1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ನಗರದಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಕೃತಕ ಕಾಲನ್ನು ಅದ್ದಿ ಹೊರಟ ಆತನ ಸಂಕಲ್ಪ, ದಿನಕ್ಕೊಂದು ಮ್ಯಾರಥಾನಿನಷ್ಟು, ಅಂದರೆ ಸುಮಾರು 42 ಕಿಲೋಮೀಟರು ಓಡುವುದು. ದೇಶದ ಪ್ರತಿಯೊಬ್ಬನಿಂದಲೂ ಒಂದು ಡಾಲರ್ ಎಂಬುದು ಬೇಡಿಕೆ. ತನ್ನ ಓಟದಿಂದ ಯಾವ ವ್ಯಾಪಾರಸಂಸ್ಥೆಯೂ ಲಾಭ ಪಡೆಯಕೂಡದೆಂದನು. ಪೋರ್ಟ್ ಓ ಬಾಸ್ಕ್ ಎಂಬ ಸುಮಾರು 10,000 ಜನರ ಊರು 10,000 ಡಾಲರಿಗೂ ಮಿಗಿಲಾಗಿ ಒಪ್ಪಿಸಿತು. ತಲೆಗೊಂದು ಡಾಲರ್, ಯಾರದು ಯಾವುದೆಂದು ಗುರುತಿಲ್ಲ. ದಾನದ ಮೊತ್ತವನ್ನು ನೋಡಿ ಶಿಲಾಫಲಕದ ಅಕ್ಷರಗಳ ಗಾತ್ರವನ್ನು ನಿರ್ಣಯಿಸುವ ನಮ್ಮ ಟ್ರಸ್ಟುಗಳು (ಅಂಥ ಸಭೆಗಳಲ್ಲಿ ನಾನೂ ಕುಳಿತವನೇ) ಆ ಊರನ್ನು ಒಮ್ಮೆ ನೆನೆಯಬಹುದು.

ಒಂದು ಸಂದೇಹ ಮಾತ್ರ ನನ್ನನ್ನು ಬಿಡದು. ಕಾಲಿನ ಮೋಟು ಹುಣ್ಣಾಗಿ ರಕ್ತ ಒಸರುತ್ತಿದ್ದರೂ ಆತ ಓಡಿದನು. ಕ್ರಮವಾದ ವೈದ್ಯಪರೀಕ್ಷೆಗೆ ಒಪ್ಪಲಿಲ್ಲ. ಪರಹಿತಕ್ಕಾಗಿಯೇ ಆದರೂ ದೇಹವನ್ನು ಹೀಗೆ ದಂಡಿಸುವ ಅಧಿಕಾರ ಯಾರಿಗುಂಟು? ಕಾಯಕ್ಲೇಶವನ್ನು ತಪಸ್ಸಿನಲ್ಲಿ ಎಣಿಸುವ ನಮಗೂ ಉತ್ತರ ಸುಲಭವಲ್ಲ, ಏಕೆಂದರೆ ಅದು ಆತ್ಮಶುದ್ಧಿಯ ಮಾರ್ಗ, ನಿಧಿಸಂಗ್ರಹದ್ದಲ್ಲ. ಆ ಹಠವನ್ನು ಹೊಗಳಲು ನನ್ನ ಲೇಖನಿ ಹಿಂಜರಿಯುತ್ತದೆ. ನನ್ನ ಮಗನೇ ಹೀಗೆ ಹೊರಟಿದ್ದರೆ ಬಾಗಿಲಲ್ಲಿ ತಡೆಯುತ್ತಿದ್ದೆನು. ಕುಳಿತು ಬೇಡಿದ್ದರೆ ಜನ ಅಷ್ಟು ಕೊಡುತ್ತಿರಲಿಲ್ಲವೆಂಬುದೂ ನಿಜ. ಆದರೆ ಆ ದೋಷ ಓಡಿದವನದಲ್ಲ, ಕಣ್ಣಾರೆ ಕಾಣದೆ ಕೈ ಬಿಚ್ಚದ ನಮ್ಮದು.

143 ದಿನಗಳಲ್ಲಿ 5,373 ಕಿಲೋಮೀಟರು ಕ್ರಮಿಸಿದ ಮೇಲೆ, ಸೆಪ್ಟೆಂಬರ್ 1ರಂದು ಥಂಡರ್ ಬೇ ಸಮೀಪದಲ್ಲಿ ಓಟ ನಿಂತಿತು. ರೋಗ ಶ್ವಾಸಕೋಶವನ್ನು ಹೊಕ್ಕಿತ್ತು. 1981ರ ಫೆಬ್ರವರಿಯ ವೇಳೆಗೆ ನಿಧಿ 2 ಕೋಟಿ 40 ಲಕ್ಷ ಡಾಲರುಗಳನ್ನು ದಾಟಿತು. ಆ ದೇಶದ ಜನಸಂಖ್ಯೆಯೂ ಆಗ ಹೆಚ್ಚುಕಡಿಮೆ ಅಷ್ಟೇ. ಜೂನ್ 28ರಂದು ಆತ ತೀರಿಕೊಂಡಾಗ ವಯಸ್ಸು 22. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆತನ ಹೆಸರಿನಲ್ಲಿ ಆರಂಭವಾದ ವಾರ್ಷಿಕ ಓಟದಲ್ಲಿ ಸ್ಪರ್ಧೆಯಿಲ್ಲ, ಮೊದಲಿಗನೆಂಬವನಿಲ್ಲ. ನಡೆದುಕೊಂಡು ಬಂದರೂ ಸಲ್ಲುತ್ತದೆ.