ಕೊಟ್ಟವರು ಹೋದ ಮೇಲೆ

ಹಳೇ ಮೈಸೂರು ಕಡೆಯ ಒಂದು ಉಚಿತ ವಿದ್ಯಾರ್ಥಿನಿಲಯದ ಕಚೇರಿ. ಹೆಸರು ಬೇಡ, ನೂರು ವರ್ಷ ಹಳೆಯವು, ಇದೇ ತಾಪತ್ರಯದವು ನಾಡಿನಲ್ಲಿ ಹಲವಿವೆ. ಮಾತಾಡುವವರು ಮೂವರು. ನಿಲಯದ ಹಳೆಯ ಕಾರ್ಯದರ್ಶಿ, ಎಲ್ಲರ ಬಾಯಲ್ಲೂ ಮೇಷ್ಟ್ರು. ಈಚೆಗೆ ಖಜಾಂಚಿಯಾದ ಲೆಕ್ಕಪರಿಶೋಧಕಿ. ಶಾಶ್ವತ ಅನ್ನದಾನಕ್ಕೆಂದು ಪುದುವಟ್ಟು ಇಟ್ಟಿದ್ದವರೊಬ್ಬರ ಮೊಮ್ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು.

ಮೊಮ್ಮಗ: ಅಜ್ಜನ ಕಾಗದಪತ್ರದಲ್ಲಿ ನಿಮ್ಮ ರಸೀತಿ ಸಿಕ್ಕಿತು. 1994, ಐದು ಸಾವಿರ ರೂಪಾಯಿ. ವರ್ಷವರ್ಷ ಅಜ್ಜಿಯ ತಿಥಿಯ ದಿನ ಹುಡುಗರಿಗೆ ಊಟ, ಆಚಂದ್ರಾರ್ಕ ಅಂತ ಬರೆದಿದೆ. ಈಗಲೂ ನಡೀತಿದೆಯಾ ಅಂತ ಕೇಳಿಕೊಂಡು ಹೋಗೋಣ ಎಂದು ಬಂದೆ.

ಮೇಷ್ಟ್ರು: ನಡೀತಿದೆ. ಒಂದು ವರ್ಷವೂ ತಪ್ಪಿಲ್ಲ. ಕರಿಹಲಗೆಯ ಮೇಲೆ ನಿಮ್ಮ ಅಜ್ಜಿಯ ಹೆಸರು ಬರೆದು, ಪಾಯಸ ಮಾಡಿಸಿ ಬಡಿಸುತ್ತೇವೆ.

ಖಜಾಂಚಿ: ನಡೀತಿರುವುದು ಅವರ ದುಡ್ಡಿನಲ್ಲಿ ಅಲ್ಲ, ಅದನ್ನೂ ಹೇಳಿಬಿಡಿ ಮೇಷ್ಟ್ರೇ. ಅವತ್ತು ಬ್ಯಾಂಕು ನೂರಕ್ಕೆ ಹತ್ತು ಬಡ್ಡಿ ಕೊಡುತ್ತಿತ್ತು. ವರ್ಷಕ್ಕೆ ಐನೂರು, ಎಂಬತ್ತು ಹುಡುಗರ ಊಟ ಸಾಗುತ್ತಿತ್ತು. ಈಗ ಆರೂವರೆ. ಮುನ್ನೂರ ಇಪ್ಪತ್ತೈದು ರೂಪಾಯಿ ಬರುತ್ತದೆ. ಗ್ಯಾಸು, ಬೇಳೆ, ಅಡುಗೆಯವರ ಸಂಬಳ ಎಲ್ಲ ಸೇರಿ ಒಂದು ಊಟಕ್ಕೆ ನಲವತ್ತು ಬೀಳುತ್ತದೆ. ಎಂಟು ಎಲೆ ಆಯಿತು.

ಮೊಮ್ಮಗ: ಉಳಿದ ಎಲೆಗಳು?

ಖಜಾಂಚಿ: ಸಾಮಾನ್ಯ ನಿಧಿಯಿಂದ. ಅಂದರೆ ಹೆಸರು ಹಾಕಬೇಡಿ ಎಂದು ಯಾರೋ ಈ ವರ್ಷ ಕೊಟ್ಟದ್ದನ್ನು ನಿಮ್ಮ ಅಜ್ಜಿಯ ಹೆಸರಿನಲ್ಲಿ ಬಡಿಸುತ್ತಿದ್ದೇವೆ. ಇಂಥ ಶಾಶ್ವತ ದಿನಗಳು ವರ್ಷದಲ್ಲಿ ಇನ್ನೂರಿವೆ.

ಮೊಮ್ಮಗ: ಹಾಗಾದರೆ ಕಡಿಮೆ ಬಿದ್ದದ್ದನ್ನು ನಾನು ತುಂಬಿಕೊಡುತ್ತೇನೆ. ಎಷ್ಟು?

ಖಜಾಂಚಿ: ಇಪ್ಪತ್ತು ಸಾವಿರ ಸೇರಿಸಿದರೆ ಈಗಿರುವ ನಲವತ್ತು ಹುಡುಗರಿಗೆ ಸದ್ಯಕ್ಕೆ ಸಾಕಾಗುತ್ತದೆ.

ಮೇಷ್ಟ್ರು: ಬೇಡಪ್ಪ. ಕೊಡಬೇಡಿ.

ಖಜಾಂಚಿ: ಮೇಷ್ಟ್ರೇ!

ಮೇಷ್ಟ್ರು: ನೋಡಮ್ಮ, ಇವರ ಅಜ್ಜ ಧಾರೆ ಎರೆದು ಕೊಟ್ಟರು. ಅದರ ಹೊಣೆ ಬಿದ್ದದ್ದು ನಮ್ಮ ಮೇಲೆ. ಮೊಮ್ಮಗನಿಗೆ ಅದು ಸಾಲ ಹೇಗಾಗುತ್ತದೆ? ಆಚಂದ್ರಾರ್ಕ ಎಂದು ಬರೆದು ಸಹಿ ಹಾಕಿದವನು ನಾನು. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟನ ಅಭಿಷೇಕದ ಹಾಲಿಗೆಂದು ಗದ್ಯಾಣ ಇಟ್ಟು, ಅದರ ಬಡ್ಡಿಯಲ್ಲಿ ದಿನಕ್ಕಿಷ್ಟು ಹಾಲು ಎಂದು ಬರೆಸಿದ್ದಾರೆ. ಹದಿಮೂರನೇ ಶತಮಾನದ ಪುದುವಟ್ಟು ಅದು. ದತ್ತಿ ಶಾಸನಗಳ ಕೊನೆಗೆ ಶಾಪ ಇರುತ್ತದಲ್ಲ, ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಅಂತ? ದಾನಿಯ ಮೊಮ್ಮಕ್ಕಳು ಮತ್ತೆ ಕೊಡದೆ ಹೋದರೆ ಪಾಪ ಎಂದು ಎಲ್ಲೂ ಬರೆದಿಲ್ಲ.

ಖಜಾಂಚಿ: ಅದೇ ಶಾಸನಗಳು ಕೊಡುವುದಕ್ಕಿಂತ ಪಾಲಿಸುವುದು ಮೇಲು ಎಂದೂ ಹೇಳುತ್ತವೆ. ಪಾಲಿಸುವವರ ಸಾಲಿನಲ್ಲಿ ಮೊಮ್ಮಗ ಯಾಕಿರಬಾರದು?

ಮೊಮ್ಮಗ: ನಿಜ ಹೇಳಿಬಿಡಲಾ? ಅಜ್ಜನ ಮೇಲಿನ ಪ್ರೀತಿಗೆ ಕೊಡಲು ಹೊರಟೆ. ಇಲ್ಲಿನ ಹುಡುಗರಲ್ಲಿ ಒಬ್ಬನನ್ನೂ ನಾನು ನೋಡಿಲ್ಲ. ನಾನು ಕೊಡುವುದೆಲ್ಲ ಮಿಲಾಪ್, ಕೆಟ್ಟೋ ಥರದ ಕಡೆ. ಒಂದು ಮಗುವಿನ ಆಪರೇಷನ್, ಅದರ ಫೋಟೊ, ಇಷ್ಟು ಬೇಕು, ಇಷ್ಟು ಬಂತು. ಮುಗೀತು.

ಮೇಷ್ಟ್ರು: ಮುಗೀತು ಅನ್ನೋದೇ ಹಿತ, ಅಲ್ಲವಾ?

ಮೊಮ್ಮಗ: ಹೌದು. ಒಂದು ಸಲ ಕೊಟ್ಟಿದ್ದಕ್ಕೆ ಜೀವಮಾನವಿಡೀ ಬೆನ್ನು ಬೀಳುವವರು ಬೇಡ.

ಮೇಷ್ಟ್ರು: ನಿಮ್ಮ ಅಜ್ಜನಿಗೆ ಅದು ಮುಗಿಯುವ ವಿಷಯವಾಗಿರಲಿಲ್ಲ. ನಿಲಯದಲ್ಲಿ ಜಾಗ ಸಿಗದೆ ಎರಡು ವರ್ಷ ಈ ಊರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಮನೆ ಗೊತ್ತಾಗದ ವಾರ ನೀರು ಕುಡಿದು ಮಲಗಬೇಕು. ಅನ್ನ ಹಾಕುವ ತಾಯಿಗೆ ಹುಡುಗನ ಪರೀಕ್ಷೆ ಯಾವಾಗ ಎಂಬುದು ಗೊತ್ತಿರುತ್ತಿತ್ತು. ಹುಡುಗನಿಗೆ ಆ ಮನೆಯ ಜಗಳಗಳೂ ಗೊತ್ತಿರುತ್ತಿದ್ದವು. ಆ ಮುಜುಗರ ತಪ್ಪಲೆಂದೇ ನಿಲಯಗಳನ್ನು ಕಟ್ಟಿದ್ದು. ಮುಜುಗರ ತಪ್ಪಿತು, ಅದರ ಜತೆಗೆ ಮುಖಪರಿಚಯವೂ ತಪ್ಪಿಹೋಯಿತು.

ಖಜಾಂಚಿ: ವಾರಾನ್ನವನ್ನು ಅಷ್ಟು ಚೆಂದ ಮಾಡಬೇಡಿ ಮೇಷ್ಟ್ರೇ. ಅದು ಸಿಗುತ್ತಿದ್ದದ್ದು ಜಾತಿಯವರ ಮನೆಯಲ್ಲಿ.

(ಮೇಷ್ಟ್ರು ಸುಮ್ಮನಾದರು. ಖಜಾಂಚಿ ಕೈಹಾಕಿದ್ದು ಸರಿಯಾದ ಗಂಟಿಗೇ. ಹೊಸ ತಲೆಮಾರಿನ ದಾನಿಗಳನ್ನು ಒಲಿಸುವುದು ಹೇಗೆಂದು ಉಪದೇಶ ಮಾಡುವವರು ಕ್ಯೂಆರ್ ಕೋಡು, ವಾಟ್ಸ್ಆ್ಯಪ್ ಎಂದೆಲ್ಲ ಹೇಳಿ ಇದೊಂದನ್ನು ಮಾತ್ರ ದಾಟಿಕೊಂಡು ಹೋಗುತ್ತಾರೆ.)

ಮೊಮ್ಮಗ: ನಾನೂ ಅದನ್ನೇ ಕೇಳಬೇಕೆಂದಿದ್ದೆ. ಹೊರಗಿನ ಬೋರ್ಡಿನಲ್ಲಿ ಜನಾಂಗದ ಹೆಸರಿದೆ. ಬೇರೆ ಹುಡುಗರನ್ನು ಸೇರಿಸಿಕೊಳ್ಳುವುದಿಲ್ಲವಾ?

ಮೇಷ್ಟ್ರು: ಟ್ರಸ್ಟ್ ಡೀಡಿನಲ್ಲಿ ನಮ್ಮ ಜನಾಂಗದ ಬಡ ವಿದ್ಯಾರ್ಥಿಗಳಿಗೆ ಎಂದಿದೆ. ಆ ಕಾಲ ಹೇಗಿತ್ತು ನೋಡಿ. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ. ಕಾಲೇಜು ಇದ್ದದ್ದು ಪಟ್ಟಣದಲ್ಲಿ. ಹಳ್ಳಿ ಹುಡುಗನಿಗೆ ಅಲ್ಲಿ ಇರಲು ಜಾಗವಿಲ್ಲ, ಉಣ್ಣಲು ಗತಿಯಿಲ್ಲ. ಒಂದೊಂದು ಜನಾಂಗ ತನ್ನ ಮಕ್ಕಳಿಗೆ ತಾನೇ ಸೂರು ಮಾಡಿಕೊಂಡಿತು. ಬೆಳಗಾವಿ ಸೀಮೆಯಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯರು ಓದುವ ಮಕ್ಕಳಿಗೆಂದು ಸಂಸ್ಥಾನವನ್ನೇ ಬರೆದಿಟ್ಟು 1906ರಲ್ಲಿ ತೀರಿಹೋದರು. ಅದೂ ತಮ್ಮ ಸಮಾಜದ ಮಕ್ಕಳಿಗೇ. ಅದನ್ನು ಸಣ್ಣತನ ಅನ್ನೋಕಾಗುತ್ತದಾ?

ಮೊಮ್ಮಗ: ಆವಾಗ ಅಲ್ಲ. ಈಗ?

ಖಜಾಂಚಿ: ಆವಾಗಲೂ ಬೇರೆ ದಾರಿ ಹಿಡಿದವರಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ತಮ್ಮವರಿಂದಲೇ ಬಹಿಷ್ಕಾರ ಉಂಡರು. ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳೂ ಕೂತರು.

ಮೊಮ್ಮಗ: ಹಾಗಾದರೆ ಹೀಗೆ ಮಾಡೋಣ. ಇಪ್ಪತ್ತು ಸಾವಿರ ಬಿಡಿ, ಐದು ಲಕ್ಷ ಕೊಡುತ್ತೇನೆ. ಬಾಗಿಲು ಎಲ್ಲರಿಗೂ ತೆಗೆಯಿರಿ.

ಖಜಾಂಚಿ: ಈಗ ನಾನೂ ಬೇಡ ಎನ್ನುತ್ತೇನೆ.

ಮೊಮ್ಮಗ: ನೀವು ಒಪ್ಪುವ ಮಾತನ್ನೇ ಅಲ್ಲವಾ ಮೇಡಂ ನಾನು ಹೇಳಿದ್ದು?

ಖಜಾಂಚಿ: ಮಾತು ಒಪ್ಪಿಗೆ. ಅದಕ್ಕೆ ಬೆಲೆ ಕಟ್ಟಿದಿರಲ್ಲ, ಅದು ಒಪ್ಪಿಗೆಯಿಲ್ಲ. ನಿಮ್ಮ ಐದು ಲಕ್ಷಕ್ಕೆ ತೆಗೆದ ಬಾಗಿಲನ್ನು ಇನ್ನೊಬ್ಬರು ಬಂದು ಹತ್ತು ಲಕ್ಷಕ್ಕೆ ಮುಚ್ಚಿ ಎನ್ನಬಹುದು. ಹಿಂದಿನವರು ಹಾಕಿದ ಷರತ್ತು ತಪ್ಪು, ಮೊಮ್ಮಗನದು ಸರಿ ಎಂದು ಯಾವ ತಕ್ಕಡಿಯಲ್ಲಿ ತೂಗುವುದು?

ಮೇಷ್ಟ್ರು: ತಕ್ಕಡಿ ಇದೆಯಮ್ಮ. ಕೊಟ್ಟವರು ಯಾರು ಎನ್ನುವುದನ್ನು ಬಿಟ್ಟು, ಯಾರಿಗೆಂದು ಕೊಟ್ಟರೋ ಆ ಹುಡುಗನ ಕಡೆ ತಿರುಗಿ ನೋಡು. ನಿಲಯದಲ್ಲಿ ಮಂಚ ಎಂಬತ್ತು. ನಲವತ್ತು ಖಾಲಿ. ನಮ್ಮವರ ಹುಡುಗರು ಬೆಂಗಳೂರಿನ ಪಿಜಿಗಳಲ್ಲಿದ್ದಾರೆ. ಇಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದೊಂದು ರೂಮಿನಲ್ಲಿ ನಾಲ್ಕು ನಾಲ್ಕು ಹುಡುಗರು ಬಾಡಿಗೆ ಕಟ್ಟಿಕೊಂಡು ಐಟಿಐ, ಡಿಗ್ರಿ ಓದುತ್ತಿದ್ದಾರೆ. ಅವರನ್ನು ದಿನಾ ನೋಡುತ್ತೇನೆ. ದುಡ್ಡು ಬಂತು ಎಂದು ಬಾಗಿಲು ತೆಗೆಯುವುದಲ್ಲ. ಮಂಚ ಖಾಲಿ ಇದೆ, ಅದಕ್ಕೆ ತೆಗೆಯಬೇಕು.

ಮೊಮ್ಮಗ: ಸತ್ತವರ ಇಚ್ಛೆ?

ಮೇಷ್ಟ್ರು: ಸತ್ತವರು ಖಾಲಿ ಮಂಚಕ್ಕೆಂದು ಕೊಟ್ಟದ್ದಲ್ಲವಲ್ಲ.

ಮೊಮ್ಮಗ: ಸರಿ, ಷರತ್ತು ಬಿಟ್ಟೆ. ಸುಮ್ಮನೆ ಕೊಡುತ್ತೇನೆ. ಅಮೆರಿಕದಲ್ಲಿರುವ ಅಕ್ಕನಿಗೂ ಹೇಳುತ್ತೇನೆ.

ಖಜಾಂಚಿ: ಅವರ ಪಾಸ್‌ಪೋರ್ಟು ಯಾವ ದೇಶದ್ದು?

ಮೊಮ್ಮಗ: ಈಗ ಅಲ್ಲಿಯದೇ. ಓಸಿಐ ಕಾರ್ಡ್ ಇದೆ.

ಖಜಾಂಚಿ: ಹಾಗಾದರೆ ಅವರ ದುಡ್ಡು ಕಾನೂನಿನ ಕಣ್ಣಿಗೆ ವಿದೇಶಿ ವಂತಿಗೆ. ಎಫ್‌ಸಿಆರ್‌ಎ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ನಮಗೆ ಎರಡೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದಾಗ ಸಂಬಳದಲ್ಲಿ ಉಳಿಸಿ ಬ್ಯಾಂಕಿನ ಮೂಲಕ ಕಳಿಸಿದ್ದರೆ ಅಡ್ಡಿಯಿರಲಿಲ್ಲ. ಇನ್ನು ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿ: ಒಂದೇ ಜಾತಿಗೆಂದು ಬರೆದ ಸಂಸ್ಥೆಗೆ ಅದು ಸಿಗುವುದಿಲ್ಲ, ಪರಿಶಿಷ್ಟರಿಗೆ, ಹಿಂದುಳಿದ ವರ್ಗಗಳಿಗೆ ಎಂದಿದ್ದರೆ ಬೇರೆ ಮಾತು. ಸಿಕ್ಕಿದ್ದರೂ, ಹೊಸ ತೆರಿಗೆ ಪದ್ಧತಿಯಲ್ಲಿರುವ ನಿಮ್ಮಂಥವರಿಗೆ ಅದರಿಂದ ನಯಾಪೈಸೆ ಉಳಿಯುವುದಿಲ್ಲ.

ಮೇಷ್ಟ್ರು: ಒಳ್ಳೆಯದೇ ಆಯಿತು. ತೆರಿಗೆ ಉಳಿಸಲೆಂದು ಕೊಟ್ಟವನು ಮಾರ್ಚ್ ಕಳೆದ ಮೇಲೆ ನಮ್ಮನ್ನು ನೆನಪಿಟ್ಟುಕೊಂಡದ್ದನ್ನು ನಾನು ಕಾಣೆ.

ಮೊಮ್ಮಗ: ಮತ್ತೆ ನನ್ನಿಂದ ನಿಮಗೇನು ಬೇಕು? ಕೊಡುತ್ತೇನೆಂದರೆ ಇಬ್ಬರೂ ಸರದಿಯ ಮೇಲೆ ಬೇಡ ಎನ್ನುತ್ತಿದ್ದೀರಿ.

ಖಜಾಂಚಿ: ದುಡ್ಡು ಖಂಡಿತ ಬೇಕು. ಲೆಕ್ಕ ನೋಡಿದ ಮೇಲೆ ಕೊಡಿ. ಇನ್ನೂರು ಮನೆಗಳಿಗೂ ಈ ವರ್ಷ ಒಂದೊಂದು ಕಾಗದ ಬರೆಯುತ್ತೇನೆ. ನಿಮ್ಮ ಹಿರಿಯರು ಇಟ್ಟದ್ದು ಇಷ್ಟು, ಬರುವ ಬಡ್ಡಿ ಇಷ್ಟು, ಅದರಲ್ಲಿ ಏಳುವ ಎಲೆ ಇಷ್ಟು, ಖಾಲಿ ಮಂಚ ಇಷ್ಟು. ಅದರಡಿಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಇರುವುದಿಲ್ಲ.

ಮೇಷ್ಟ್ರು: ಶಾಶ್ವತ ಎಂದು ಹೇಳಿ ನಡೆಸಲಾರದೆ ಹೋದರು ಎಂದು ಊರೆಲ್ಲ ಆಡಿಕೊಳ್ಳುತ್ತದಮ್ಮ.

ಖಜಾಂಚಿ: ಆಡಿಕೊಳ್ಳಲಿ. ಮೂವತ್ತು ವರ್ಷದಲ್ಲಿ ಅವರ ಮಕ್ಕಳು ಮೊಮ್ಮಕ್ಕಳಿಗೆ ನಾವು ಕಳಿಸಿದ್ದು ವಾರ್ಷಿಕೋತ್ಸವದ ಆಹ್ವಾನಪತ್ರಿಕೆ, ಅದರ ಜತೆ ವಂತಿಗೆಯ ಚೀಟಿ. ಕಷ್ಟ ಹೇಳಿಕೊಳ್ಳದವರನ್ನು ಯಾರೂ ತಮ್ಮವರು ಅಂದುಕೊಳ್ಳುವುದಿಲ್ಲ. ಇನ್ನು ಬಾಗಿಲಿನ ವಿಷಯ. ಡೀಡು ತಿದ್ದುವ ಅಧಿಕಾರ ಟ್ರಸ್ಟಿಗಳಿಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿಗೆ ಹೋಗಬೇಕು. ಮೂಲ ಉದ್ದೇಶ ಈಗ ಸಾಗದಂತಾಗಿದ್ದರೆ, ಅದಕ್ಕೆ ಹತ್ತಿರವಾದ ಇನ್ನೊಂದಕ್ಕೆ ಆಸ್ತಿ ಬಳಸಲು ಕೋರ್ಟು ಅಪ್ಪಣೆ ಕೊಡಬಹುದು. ಅಡ್ವೊಕೇಟ್ ಜನರಲ್ ಹೂಡದಿದ್ದರೆ, ಟ್ರಸ್ಟಿನಲ್ಲಿ ಆಸಕ್ತಿಯುಳ್ಳ ಕನಿಷ್ಠ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬೇಕು. ಒಬ್ಬರು ಸಿಕ್ಕಿದ್ದಾರೆ, ಇಲ್ಲೇ ಉಂಡು ಓದಿದವರು, ಈಗ ಪಿಯು ಕಾಲೇಜಿನಲ್ಲಿ ಉಪನ್ಯಾಸಕರು.

ಮೊಮ್ಮಗ: ಎರಡನೆಯವರು?

ಮೇಷ್ಟ್ರು: ವಾಯಿದೆಗಳಿಗೆಲ್ಲ ಬರಬೇಕಾಗುತ್ತದೆ, ಈಗಲೇ ಹೇಳಿದ್ದೇನೆ. ಒಂದೆರಡು ವರ್ಷದಲ್ಲಿ ಮುಗಿಯುವ ಬಾಬತ್ತಲ್ಲ.

ಖಜಾಂಚಿ: ದಾನಿಯ ಮನೆಯವರಾಗಿ ನಿಮಗೆ ಆ ಹಕ್ಕಿದೆ ಎಂದು ವಾದಿಸಬಹುದು ಅಂದಿದ್ದಾರೆ ವಕೀಲರು. ವಕಾಲತ್ತಿಗೆ ನಿಮ್ಮ ಸಹಿ ಬೇಕು. ದಾವೆ ಹೂಡುವವರು ನೀವಾದ್ದರಿಂದ ವಕೀಲರ ಫೀಜು ಟ್ರಸ್ಟಿನದಲ್ಲ, ನಿಮ್ಮಿಬ್ಬರದು.